ಹೇಳಿಕೊಳ್ಳಲಾಗದ ಬೇನೆಗೂ ಮದ್ದುಂಟು

ಮತ್ತಿಕೆರೆಯ ಜೆ.ಪಿ. ಉದ್ಯಾನಕ್ಕೆ ಬೆಳಗಿನ ವಾಯುವಿಹಾರಕ್ಕೆಂದು ಬರುವ ನಮ್ಮ ವಯಸ್ಸಿನ ಹೆಂಗಸರ ಗುಂಪೊಂದಿದೆ. ಸಕ್ಕರೆ ಕಾಯಿಲೆ, ಮಂಡಿನೋವು, ಕಣ್ಣಿನ ಪೊರೆ ಎಲ್ಲವೂ ಅಲ್ಲಿ ಮುಕ್ತವಾಗಿ ಚರ್ಚೆಯಾಗುತ್ತವೆ. ಕೆಲವು ತಿಂಗಳ ಹಿಂದೆ ಗುಂಪಿನ ಹಿರಿಯರೊಬ್ಬರು ಬರುವುದನ್ನು ನಿಲ್ಲಿಸಿದರು. ಕೇಳಿದವರಿಗೆಲ್ಲ ‘ಮಂಡಿನೋವು’ ಎಂಬ ಉತ್ತರ. ಮನೆಗೇ ಹೋಗಿ ವಿಚಾರಿಸಿದಾಗ, ಕೋಣೆಯ ಬಾಗಿಲು ಮುಂದೆ ಮಾಡಿ, ತಗ್ಗಿದ ದನಿಯಲ್ಲಿ ಅವರು ಹೇಳಿದ್ದೇ ಬೇರೆ: ‘ಒಂದಕ್ಕೆ ಬಂದರೆ ತಡೆಯೋಕಾಗಲ್ಲ ಕಣ್ರೀ. ಒಂದು ಸುತ್ತು ಮುಗಿಸೋದರೊಳಗೆ ಸೀರೆ ಒದ್ದೆ. ಯಾರಿಗೆ ಅಂತ ಹೇಳಲಿ?’ ಸಮಾಧಾನ ಹೇಳಲು ಹೋಗಿದ್ದವಳು ನಾನು. ಎರಡು ವರ್ಷದಿಂದ ನನಗೂ ಇದೇ ತೊಂದರೆ ಇದೆಯೆಂದು ಹೇಳುವ ಧೈರ್ಯ ಅಂದು ನನಗೆ ಬರಲಿಲ್ಲ.

ಮೂರು ದಶಕಗಳಿಗೂ ಮೀರಿ ಸರ್ಕಾರಿ ಸೇವೆಯಲ್ಲಿದ್ದವಳು ನಾನು. ತಾಲ್ಲೂಕು ಪ್ರವಾಸಕ್ಕೆ ಹೊರಡುವ ದಿನ ಬೆಳಿಗ್ಗೆ ನೀರು ಕುಡಿಯದಿರುವುದು ನನ್ನ ಪೀಳಿಗೆಯ ಮಹಿಳಾ ಅಧಿಕಾರಿಗಳ ಅಲಿಖಿತ ನಿಯಮವಾಗಿತ್ತು. ಶೌಚಾಲಯಗಳ ಪ್ರಗತಿ ಪರಿಶೀಲನಾ ಸಭೆಗಳಲ್ಲಿ ಅಂಕಿ-ಅಂಶ ಓದುತ್ತಿದ್ದ ನಾವು, ನಮ್ಮದೇ ಕಚೇರಿಯಲ್ಲಿ ಬಾಗಿಲ ಚಿಲಕ ಸರಿಯಿರುವ ಶೌಚಾಲಯ ಬೇಕೆಂದು ಬಾಯಿ ಬಿಟ್ಟು ಕೇಳಲಿಲ್ಲ. ಮೌನವನ್ನು ಸಭ್ಯತೆ ಎಂದು ಭಾವಿಸಿದ್ದರಲ್ಲಿ ನನ್ನ ಪಾಲೂ ಇದೆ.

ಮೂತ್ರದ ಮೇಲಿನ ಹಿಡಿತ ತಪ್ಪುವುದು ವೃದ್ಧಾಪ್ಯದ ಸಹಜ ಧರ್ಮವೆಂಬ ನಂಬಿಕೆ ವ್ಯಾಪಕವಾಗಿದೆ. ವಯಸ್ಸಿನೊಂದಿಗೆ ಇದು ಹೆಚ್ಚುತ್ತದೆ ಎಂಬುದು ನಿಜ. ಚಿಕಿತ್ಸೆ ಇಲ್ಲವೆಂಬುದು ಸುಳ್ಳು. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಕೆಮ್ಮಿದಾಗ, ಸೀನಿದಾಗ, ನಕ್ಕಾಗ, ಭಾರ ಎತ್ತಿದಾಗ ಸೋರುವುದು ಒಂದು. ಮೂತ್ರಕೋಶ ತುಂಬುವ ಮೊದಲೇ ಸಂಕುಚಿಸಿ, ತಡೆಯಲಾಗದ ಅವಸರ ಹುಟ್ಟಿಸುವುದು ಇನ್ನೊಂದು. ಇದನ್ನು ವೈದ್ಯರು ಅತಿಕ್ರಿಯಾಶೀಲ ಮೂತ್ರಕೋಶ ಎನ್ನುತ್ತಾರೆ. ಅನೇಕರಲ್ಲಿ ಎರಡೂ ಕೂಡಿರುತ್ತವೆ. ಹೆರಿಗೆಗಳು, ಋತುಬಂಧ, ಸ್ಥೂಲಕಾಯ, ಮಲಬದ್ಧತೆ, ಮಧುಮೇಹ, ಮೂತ್ರನಾಳದ ಸೋಂಕು, ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳು ಇದಕ್ಕೆ ಕಾರಣವಾಗಬಹುದು, ಇಲ್ಲವೇ ಇದನ್ನು ಉಲ್ಬಣಗೊಳಿಸಬಹುದು. ಯಾವ ಬಗೆ ಎಂದು ತಿಳಿಯದೆ ಚಿಕಿತ್ಸೆ ಆರಂಭಿಸಲಾಗದು.

ನಾನು ಮೊದಲು ಕಂಡ ವೈದ್ಯರು ‘ವಯಸ್ಸಾಯಿತಲ್ಲಮ್ಮ’ ಎಂದು ಎರಡೇ ನಿಮಿಷದಲ್ಲಿ ಕಳುಹಿಸಿದರು. ಎರಡನೆಯವರು, ಸ್ತ್ರೀರೋಗ ತಜ್ಞೆ, ಮೂತ್ರ ಮತ್ತು ಸಕ್ಕರೆಯ ಪರೀಕ್ಷೆ ಮಾಡಿಸಿದ ಮೇಲೆ ಒಂದು ಲೆಕ್ಕ ಬರೆಯಲು ಹೇಳಿದರು: ಮೂರು ದಿನ ಎಷ್ಟು ಕುಡಿದೆ, ಎಷ್ಟು ಸಲ ಹೋದೆ, ಯಾವಾಗ ಸೋರಿತು. ಅರ್ಥಶಾಸ್ತ್ರ ಓದಿದವಳಿಗೆ ಲೆಕ್ಕ ಬರೆಯುವುದು ಕಷ್ಟವೇ? ದಿನಕ್ಕೆ ನಾಲ್ಕು ಲೋಟ ಫಿಲ್ಟರ್ ಕಾಫಿಯೂ ನನ್ನ ಶತ್ರುವೆಂಬುದು ಆ ಕಾಗದದಿಂದಲೇ ತಿಳಿಯಿತು. ನೀರು ತೀರಾ ಕಡಿಮೆ ಮಾಡಿದರೆ ಮೂತ್ರ ಗಾಢವಾಗಿ ಅವಸರ ಹೆಚ್ಚೀತೆಂದೂ ಗೊತ್ತಾಯಿತು. ಅಂದರೆ ನನ್ನ ಸೇವಾವಧಿಯ ‘ನಿಯಮ’ವೇ ತಪ್ಪು.

ಆಮೇಲೆ ಫಿಸಿಯೋಥೆರಪಿಸ್ಟ್ ಒಬ್ಬರ ಬಳಿ ಪಾಠ. ಮೂತ್ರಕೋಶ, ಗರ್ಭಕೋಶಗಳನ್ನು ಕೆಳಗಿನಿಂದ ತೊಟ್ಟಿಲಿನಂತೆ ಹೊತ್ತಿರುವ ಸ್ನಾಯುಗಳನ್ನು ಬಿಗಿಹಿಡಿದು ಸಡಿಲಿಸುವ ವ್ಯಾಯಾಮ ಅದು. ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಇದನ್ನು ಪ್ರಕಟಿಸಿದರು. ಉಪಕರಣ ಬೇಡ, ಔಷಧ ಬೇಡ. ಸರಿಯಾದ ಸ್ನಾಯುವನ್ನು ಗುರುತಿಸಿಕೊಡುವವರು ಬೇಕು, ಕನಿಷ್ಠ ಮೂರು ತಿಂಗಳ ತಾಳ್ಮೆ ಬೇಕು. ಜೊತೆಗೆ, ಅವಸರವಾದೊಡನೆ ಓಡದೆ ಕೆಲವು ನಿಮಿಷ ತಡೆದು, ಆ ಅಂತರವನ್ನು ವಾರ ವಾರಕ್ಕೂ ಹಿಗ್ಗಿಸುವ ಅಭ್ಯಾಸ. ನಾಲ್ಕನೆಯ ತಿಂಗಳ ಹೊತ್ತಿಗೆ ಮದುವೆ ಮನೆಯಲ್ಲಿ ಬಾಗಿಲ ಪಕ್ಕದ ಕುರ್ಚಿ ಹುಡುಕುವುದನ್ನು ನಾನು ಬಿಟ್ಟಿದ್ದೆ.

ಇದರಿಂದ ಗುಣ ಕಾಣದವರಿಗೆ ಮುಂದಿನ ಮೆಟ್ಟಿಲುಗಳಿವೆ. ಋತುಬಂಧದ ನಂತರ ಯೋನಿಗೆ ಹಚ್ಚುವ ಈಸ್ಟ್ರೋಜೆನ್ ಮುಲಾಮು ಕೆಲವರಿಗೆ ನೆರವಾಗುತ್ತದೆ. ಆಕ್ಸಿಬ್ಯುಟಿನಿನ್‌ನಂಥ ಹಳೆಯ ಮಾತ್ರೆಗಳು ಅವಸರ ತಗ್ಗಿಸಿದರೂ ಬಾಯಿ ಒಣಗಿಸುತ್ತವೆ, ಮಲಬದ್ಧತೆ ತರುತ್ತವೆ, ವಯಸ್ಸಾದವರಲ್ಲಿ ಮರೆವು, ಗೊಂದಲಕ್ಕೂ ಕಾರಣವಾಗಬಲ್ಲವು. 2012ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಮಿರಾಬೆಗ್ರಾನ್ ಬೇರೆ ದಾರಿಯಲ್ಲಿ ಕೆಲಸ ಮಾಡುತ್ತದೆ. ಆದರೆ ರಕ್ತದೊತ್ತಡದ ಮೇಲೆ ಕಣ್ಣಿಡಬೇಕು. ಮೂತ್ರಕೋಶಕ್ಕೆ ಬೊಟಾಕ್ಸ್ ಚುಚ್ಚುಮದ್ದು, ಕೆಮ್ಮಿದಾಗ ಸೋರುವವರಿಗೆ ಶಸ್ತ್ರಚಿಕಿತ್ಸೆಯೂ ಉಂಟು. ಔಷಧದಂಗಡಿಯಲ್ಲಿ ಕೇಳಿ ನುಂಗುವ ಮಾತ್ರೆಗಳಲ್ಲ ಇವು. ಮೂತ್ರದಲ್ಲಿ ರಕ್ತ ಕಂಡರೆ, ಉರಿಯಿದ್ದರೆ, ಕಾಲಿನ ಬಲ ಕುಂದಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು.

ಅರ್ಥಶಾಸ್ತ್ರದಲ್ಲಿ ಪರಿಣಾಮಕಾರಿ ಬೇಡಿಕೆ ಎಂಬ ಮಾತಿದೆ. ಅಗತ್ಯ ಎಷ್ಟೇ ಇರಲಿ, ಅದು ಮಾರುಕಟ್ಟೆಯಲ್ಲಿ ಬೇಡಿಕೆಯಾಗಿ ಕಾಣಿಸದಿದ್ದರೆ ಪೂರೈಕೆ ಹುಟ್ಟುವುದಿಲ್ಲ. ಸರ್ಕಾರದ ಆಯವ್ಯಯಕ್ಕೂ ಇದೇ ಮಾತು ಅನ್ವಯಿಸುತ್ತದೆ. ಹೇಳಿಕೊಳ್ಳದ ಬೇನೆ ಕಡತಕ್ಕೆ ಬರುವುದಿಲ್ಲ, ಕಡತಕ್ಕೆ ಬಾರದ್ದಕ್ಕೆ ಅನುದಾನವಿಲ್ಲ. ಆದರೆ ವೆಚ್ಚ ಮಾತ್ರ ತಪ್ಪುವುದಿಲ್ಲ: ರಾತ್ರಿ ಅವಸರದಲ್ಲಿ ಎದ್ದು ಜಾರಿ ಬಿದ್ದು ಮುರಿದುಕೊಂಡ ಸೊಂಟದ ಮೂಳೆ, ತಿಂಗಳು ತಿಂಗಳೂ ಕೊಳ್ಳಬೇಕಾದ ಡೈಪರ್, ಮಗಳ ಊರಿಗೂ ಹೋಗದ ಒಂಟಿತನ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ನಮಗೆ ಬಸ್ ಪ್ರಯಾಣ ಉಚಿತ. ದಾರಿಯಲ್ಲಿ ಶೌಚಾಲಯ ಸಿಗುವ ಭರವಸೆಯಿಲ್ಲದ ಅಜ್ಜಿಗೆ ಉಚಿತ ಟಿಕೆಟ್‌ನಿಂದ ಪ್ರಯೋಜನವೇನು?

ಆಗಬೇಕಾದದ್ದು ದುಬಾರಿಯೇನಲ್ಲ. ವೃದ್ಧರ ಆರೋಗ್ಯ ಆರೈಕೆಯ ರಾಷ್ಟ್ರೀಯ ಕಾರ್ಯಕ್ರಮ 2010-11ರಲ್ಲೇ ಆರಂಭವಾಗಿದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಫಿಸಿಯೋಥೆರಪಿ ಅದರ ಭಾಗ. ಅಲ್ಲಿ ಈ ವ್ಯಾಯಾಮ ಕಲಿಸಲು ಮಹಿಳಾ ಸಿಬ್ಬಂದಿಗೆ ತರಬೇತಿ ಕೊಡಬೇಕು. ಬಿ.ಪಿ., ಸಕ್ಕರೆ ತಪಾಸಣೆಯ ನಮೂನೆಯಲ್ಲಿ ‘ಮೂತ್ರ ತಡೆಯಲು ಕಷ್ಟವೇ?’ ಎಂಬ ಒಂದು ಪ್ರಶ್ನೆ ಸೇರಿಸಬೇಕು. ಸ್ಯಾನಿಟರಿ ಪ್ಯಾಡಿಗೆ 2018ರಲ್ಲೇ ಜಿಎಸ್‌ಟಿ ವಿನಾಯಿತಿ ದೊರೆಯಿತು. ಕ್ಲಿನಿಕಲ್ ಡೈಪರ್ ಮೇಲಿನ ತೆರಿಗೆ 2025ರ ಸೆಪ್ಟೆಂಬರಿನಲ್ಲಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಅದನ್ನೂ ಪೂರ್ತಿ ತೆಗೆಯುವುದು ನ್ಯಾಯ. 2025ರಲ್ಲಿ ಐದು ಪಾಲಿಕೆಗಳಾಗಿ ಹಂಚಿಹೋದ ಬೆಂಗಳೂರು, ಪ್ರತಿ ಉದ್ಯಾನ ಮತ್ತು ಮಾರುಕಟ್ಟೆಯಲ್ಲಿ ಮಂಡಿ ಮಡಚಲಾಗದವರೂ ಬಳಸಬಹುದಾದ, ಬೆಳಗಿನ ಜಾವವೇ ತೆರೆಯುವ ಶೌಚಾಲಯ ಒದಗಿಸಲಿ.

ಕಳೆದ ತಿಂಗಳು ಮತ್ತೆ ಆ ಹಿರಿಯರ ಮನೆಗೆ ಹೋಗಿ, ಅಂದು ನುಂಗಿಕೊಂಡಿದ್ದ ಮಾತನ್ನು ಹೇಳಿದೆ. ಅವರು ನನ್ನ ಮುಖವನ್ನೇ ನೋಡಿ, ‘ಮೊದಲೇ ಹೇಳಬಾರದಿತ್ತೇ?’ ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಈಗ ಅವರೂ ಚಿಕಿತ್ಸೆ ಆರಂಭಿಸಿದ್ದಾರೆ. ತಾಯಿಯ ಸಕ್ಕರೆಯ ಅಂಕಿ ಬಾಯಿಪಾಠವಾಗಿರುವ ಮಕ್ಕಳು, ಆಕೆ ಮನೆ ಬಿಟ್ಟು ಹೊರಡಲು ಏಕೆ ಹಿಂಜರಿಯುತ್ತಾಳೆಂದು ಒಮ್ಮೆ ಮೆಲ್ಲನೆ ಕೇಳಲಿ. ಮೊದಲ ಉತ್ತರ ‘ಮಂಡಿನೋವು’ ಎಂದೇ ಬಂದೀತು. ಅಲ್ಲಿಗೇ ಬಿಡದೆ ಇನ್ನೊಮ್ಮೆ ಕೇಳಲಿ.