ಪರದೆ ಮುಟ್ಟಲು ಒಬ್ಬನಿಗೇ ಹಕ್ಕು

ಅಂಬತ್ತೂರು ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಗೆ ಹಾಜರಿ ಆ್ಯಪ್ ಮಾಡಿಕೊಟ್ಟಿದ್ದೆ. ಬೆಳಗಿನ ಪಾಳಿಯವರು ಗೇಟಿನಲ್ಲಿಟ್ಟ ಫೋನಿನಲ್ಲಿ ಒಬ್ಬೊಬ್ಬರಾಗಿ ತಮ್ಮ ನಂಬರ್ ಒತ್ತಿ ಒಳಗೆ ಹೋಗಬೇಕು. ಮೊದಲ ವಾರ ಎಲ್ಲ ಸರಿಯಿತ್ತು. ದಾಖಲೆ ಬೆಳೆದಂತೆ ಪರದೆ ಆಗಾಗ ಕಲ್ಲಿನಂತೆ ನಿಲ್ಲತೊಡಗಿತು. ಒಂದು ದಿನ 'ಆ್ಯಪ್ ಪ್ರತಿಕ್ರಿಯಿಸುತ್ತಿಲ್ಲ' ಎಂದು ಬಂತು, ಸಾಲಿನಲ್ಲಿದ್ದವರು ಯಾರೋ ಆ್ಯಪನ್ನೇ ಮುಚ್ಚಿದರು. ಒತ್ತಿದ್ದಾಯಿತೆಂದು ಒಳಗೆ ಹೋಗಿದ್ದ ಇಬ್ಬರಿಗೆ ಅರ್ಧ ದಿನದ ಕೂಲಿ ಹೋಯಿತು. ತಪ್ಪು ನನ್ನದೇ.

ಆಂಡ್ರಾಯ್ಡ್ ಆ್ಯಪಿನಲ್ಲಿ ಪರದೆ ಬಿಡಿಸುವುದೂ ಬೆರಳಿನ ಸ್ಪರ್ಶಕ್ಕೆ ಓಗೊಡುವುದೂ ಒಂದೇ ಥ್ರೆಡ್ಡಿನ ಕೆಲಸ. ಅದೇ ಮುಖ್ಯ ಥ್ರೆಡ್. ಸೆಕೆಂಡಿಗೆ 60 ಸಲ ಪರದೆ ಬಿಡಿಸಬೇಕೆಂದರೆ ಪ್ರತಿ ಸಲಕ್ಕೆ ಸಿಗುವುದು ಸುಮಾರು 16 ಮಿಲಿಸೆಕೆಂಡು. ನಾನೋ, ತಿಂಗಳ ಲೆಕ್ಕವನ್ನೆಲ್ಲ ಅದರ ತಲೆಗೇ ಕಟ್ಟಿದ್ದೆ. ಸ್ಪರ್ಶಕ್ಕೆ 5 ಸೆಕೆಂಡು ಉತ್ತರ ಸಿಗದಿದ್ದರೆ ಸಿಸ್ಟಮ್ ಆ ಎಚ್ಚರಿಕೆ ತೋರಿಸುತ್ತದೆ.

ಲೆಕ್ಕವನ್ನು ಬೇರೆ ಥ್ರೆಡ್ಡಿಗೆ ಕೊಟ್ಟೆ. ಅದು ಕೆಲಸ ಮುಗಿಸಿ ತಾನೇ ಪರದೆಯಲ್ಲಿ ಬರೆಯಲು ಹೋಯಿತು, ಆ್ಯಪ್ ಅಲ್ಲೇ ಕುಸಿಯಿತು. ಪರದೆಯನ್ನು ಕಟ್ಟಿದ ಥ್ರೆಡ್ ಬಿಟ್ಟರೆ ಬೇರೆಯವರು ಅದನ್ನು ಮುಟ್ಟುವಂತಿಲ್ಲ.

ನಮ್ಮ ಉಡುಪಿ ಹೋಟೆಲ್ ನೆನಪಿಸಿಕೊಳ್ಳಿ. ಭಟ್ಟರು ದೋಸೆ ಹುಯ್ದು ಅಡುಗೆಮನೆ ಕಿಟಕಿಯಲ್ಲಿಡುತ್ತಾರೆ, ಟೇಬಲ್ಲಿಗೆ ತರುವವನು ಸಪ್ಲಯರ್. ಇಲ್ಲಿ ಆ ಕಿಟಕಿಯೇ ಮೆಸೇಜ್ ಕ್ಯೂ. ಹಿನ್ನೆಲೆ ಥ್ರೆಡ್ ಹ್ಯಾಂಡ್ಲರ್ ಮೂಲಕ 'ಕೆಲಸ ಆಯ್ತು' ಎಂಬ ಸಂದೇಶ ಅಲ್ಲಿಡುತ್ತದೆ. ಮುಖ್ಯ ಥ್ರೆಡ್ಡಿನ ಲೂಪರ್ ಸರದಿಯಂತೆ ಒಂದೊಂದನ್ನೇ ಎತ್ತಿಕೊಳ್ಳುತ್ತದೆ, ಆಗ ಪರದೆ ಬದಲಾಗುತ್ತದೆ. ಇದನ್ನು ಸುಲಭ ಮಾಡಲು ಬಂದಿದ್ದ ಅಸಿಂಕ್‌ಟಾಸ್ಕ್ 2020ರ ಆಂಡ್ರಾಯ್ಡ್ 11ರಲ್ಲಿ ಬಳಕೆಗೆ ಬೇಡವೆನಿಸಿಕೊಂಡಿತು. ಈಗ ಕಾಟ್ಲಿನ್ ಕೊರೊಟೀನ್ ಬರೆಯುವವರ ಕಣ್ಣಿಗೆ ಹ್ಯಾಂಡ್ಲರ್ ಬೀಳುವುದಿಲ್ಲ, ಆದರೆ ಒಳಗೆ ಓಡುತ್ತಿರುವುದು ಅದೇ.

ಒಂದು ಎಚ್ಚರಿಕೆ. ಗಿರಾಕಿ ಎದ್ದುಹೋದ ಟೇಬಲ್ಲಿಗೆ ದೋಸೆ ತರಬಾರದು. ಪರದೆ ಮುಚ್ಚುವಾಗ ಕ್ಯೂನಲ್ಲಿ ಉಳಿದ ಅದರ ಸಂದೇಶಗಳನ್ನೂ ತೆಗೆದುಹಾಕಿ. ಇಲ್ಲದಿದ್ದರೆ ಮುಚ್ಚಿದ ಪರದೆಯೂ ಮೆಮೊರಿಯಲ್ಲಿ ಕೂತಿರುತ್ತದೆ.

ಒತ್ತಿದ ಕೂಡಲೇ ಹಸಿರು ಗುರುತು ತೋರಿಸಿದರೆ ಆ್ಯಪ್ ಚುರುಕಾಗಿ ಕಾಣುತ್ತದಲ್ಲ ಎಂಬ ಆಸೆಯೂ ಬಂದಿತ್ತು. ಬಿಟ್ಟೆ. ಈಗ ಮೊದಲು 'ಸ್ವಲ್ಪ ತಾಳಿ' ಎನ್ನುತ್ತದೆ. ಹಾಜರಿ ಉಳಿಯಿತೆಂಬ ಸಂದೇಶ ಬಂದ ಮೇಲಷ್ಟೇ ಹಸಿರು. ಮೇಲ್ವಿಚಾರಕರಿಗೆ ನನ್ನ ತಪ್ಪನ್ನು ಬರೆದುಕೊಟ್ಟ ಮೇಲೆ ಆ ಇಬ್ಬರಿಗೆ ಕೂಲಿ ಸಿಕ್ಕಿತು. ಅವರಲ್ಲೊಬ್ಬರು ಈಗಲೂ ಹಸಿರು ಕಾಣುವವರೆಗೆ ಗೇಟು ಬಿಟ್ಟು ಕದಲುವುದಿಲ್ಲ.