ಕಾಲುಮಣೆಯ ಆಯ್ಕೆ

ನಮ್ಮ ಭಾಷೆಯಲ್ಲಿ ಮಣೆಗಳಿಗೆ ಬರವಿಲ್ಲ. ಊಟದ ಮಣೆ, ಹಸೆಮಣೆ, ಈಳಿಗೆಮಣೆ, ತುರಿಮಣೆ, ಚೆನ್ನೆಮಣೆ... ಇವೆಲ್ಲ ನೆಲದ ಮೇಲೆ ಕುಳಿತು ಬಾಳುವ ಕ್ರಮಕ್ಕೆ ಸೇರಿದವು. ಕಾಲುಮಣೆ ಹಾಗಲ್ಲ, ಅದು ಎತ್ತರದ ಆಸನದ ಒಡನಾಡಿ. ಚಕ್ಕಳಮಕ್ಕಳ ಹಾಕಿ ಕುಳಿತವರಿಗೆ ಪಾದವನ್ನು ಎಲ್ಲಿಡಬೇಕೆಂಬ ಪ್ರಶ್ನೆಯೇ ಏಳದು. ನಮ್ಮ ದೇವಾಲಯಗಳ ಶಿಲ್ಪಗಳನ್ನು ಗಮನಿಸಿ. ಲಲಿತಾಸನದಲ್ಲಿ ಒಂದು ಕಾಲನ್ನು ಇಳಿಬಿಟ್ಟು ಕುಳಿತ ದೇವತೆಯ ಪಾದದ ಅಡಿಯಲ್ಲಿ ಶಿಲ್ಪಿಯು ಅನೇಕ ಕಡೆ ಪುಟ್ಟದೊಂದು ಕಮಲವನ್ನು ಕಡೆದಿರುತ್ತಾನೆ. ದೇವರ ಪಾದವೂ ಗಾಳಿಯಲ್ಲಿ ತೂಗಾಡಬಾರದೆಂಬ ಎಚ್ಚರ ಅವನಿಗಿತ್ತು. ನಮ್ಮ ಮನೆಯ ಹಿರಿಯರ ಪಾದಗಳ ವಿಷಯದಲ್ಲಿ ಆ ಎಚ್ಚರ ನಮಗಿಲ್ಲ.

ಅಂಗಡಿಯ ಕುರ್ಚಿಗಳ ಆಸನ ಸಾಮಾನ್ಯವಾಗಿ ನೆಲದಿಂದ 17-18 ಅಂಗುಲ ಎತ್ತರವಿರುತ್ತದೆ. ಐದಡಿಗಿಂತ ಕಡಿಮೆ ಎತ್ತರದ ನಮ್ಮ ಅಜ್ಜಿಯಂದಿರ ಮೊಣಕಾಲಿನ ಹಿಂಬದಿಯಿಂದ ಅಂಗಾಲಿನವರೆಗೆ ಅಳೆದರೆ 14-15 ಅಂಗುಲ ಸಿಕ್ಕರೆ ಹೆಚ್ಚು. ಪಾಶ್ಚಾತ್ಯ ಅಳತೆಯಲ್ಲಿ ಪಾದರಕ್ಷೆಯ ಅಟ್ಟೆಯದೂ ಒಂದಂಗುಲ ಸೇರಿರುತ್ತದೆ. ನಾವಾದರೋ ಮನೆಯೊಳಗೆ ಬರಿಗಾಲಿನವರು. ಹೀಗೆ ಉಳಿದ ಮೂರಂಗುಲದ ಅಂತರದಲ್ಲಿ ಪಾದಗಳು ತೂಗಾಡುತ್ತವೆ, ಕುರ್ಚಿಯ ಅಂಚು ತೊಡೆಯ ಹಿಂಭಾಗವನ್ನು ಒತ್ತುತ್ತದೆ, ಕಾಲು ಜೋಮು ಹಿಡಿಯುತ್ತದೆ. ಅದನ್ನು ತಪ್ಪಿಸಿಕೊಳ್ಳಲು ಅಜ್ಜಿ ಮುಂದಕ್ಕೆ ಜರುಗಿ ಅಂಚಿನಲ್ಲಿ ಕೂರುತ್ತಾಳೆ. ಬೆನ್ನಿಗೆ ಆಸರೆ ತಪ್ಪುತ್ತದೆ. "ಎಷ್ಟು ಹೇಳಿದರೂ ನೆಟ್ಟಗೆ ಒರಗಿ ಕೂರುವುದಿಲ್ಲ" ಎಂದು ಮನೆಯವರು ಗೊಣಗುತ್ತಾರೆ. ತರಗತಿಯಲ್ಲಿ ನಾವು ಉಪಾಧ್ಯಾಯರೂ ಇದನ್ನೇ ಹೇಳುತ್ತಿದ್ದೆವಲ್ಲವೆ? ದೊಡ್ಡವರ ಬೆಂಚಿನ ಮೇಲೆ ಒಂದನೆಯ ತರಗತಿಯ ಮಗುವನ್ನು ಕೂರಿಸಿದರೆ ಅದು ಕಾಲಾಡಿಸದೆ ಇನ್ನೇನು ಮಾಡೀತು? ಹಳೆಯ ಮರದ ಡೆಸ್ಕುಗಳ ಕೆಳಗೆ ಪಾದವಿಡಲು ಅಡ್ಡಪಟ್ಟಿ ಇರುತ್ತಿದ್ದದ್ದು ಅಲಂಕಾರಕ್ಕಲ್ಲ.

ದೂರದ ಊರುಗಳಲ್ಲಿರುವ ಮಕ್ಕಳು ಈಚೆಗೆ ತಂದೆತಾಯಿಗಳಿಗೆಂದು ಆಟೊಮನ್ ಎಂಬ ಮೆತ್ತನೆಯ ದಪ್ಪ ಪೀಠವನ್ನು ತರಿಸಿಕೊಡುತ್ತಿದ್ದಾರೆ. ಹೆಸರೇ ಹೇಳುವಂತೆ ಅದು ತುರ್ಕಿಯ ಕಡೆಯಿಂದ ಯೂರೋಪಿಗೆ ಹೋಗಿ ಅಲ್ಲಿಂದ ನಮ್ಮಲ್ಲಿಗೆ ಬಂದದ್ದು. ನೋಡಲು ಸೊಗಸು, ಸೋಫಾದ ಬಣ್ಣಕ್ಕೆ ಹೊಂದಿಕೆ. ಆದರೆ ಅದರ ಎತ್ತರವೂ ಬಹುಮಟ್ಟಿಗೆ ಸೋಫಾದಷ್ಟೇ! ಅದರ ಮೇಲೆ ಕಾಲನ್ನು ಉದ್ದಕ್ಕೆ ಚಾಚಬಹುದೇ ಹೊರತು ಪಾದವೂರಿ ಕೂರಲಾಗದು. ಮಂಡಿನೋವಿನ ಮುದುಕಿ ಅಷ್ಟೆತ್ತರಕ್ಕೆ ಕಾಲೆತ್ತುವುದು ಹೇಗೆ, ಇಳಿಸುವುದು ಹೇಗೆ? ಕೆಲವೇ ದಿನಗಳಲ್ಲಿ ಅದು ದಿನಪತ್ರಿಕೆಯ ಗೂಡಾಗುತ್ತದೆ. ಸೋಫಾವನ್ನು ನೋಡಿ ಕಾಲುಮಣೆ ಕೊಳ್ಳಬಾರದು, ಕೂರುವವರ ಕಾಲನ್ನು ಅಳೆದು ಕೊಳ್ಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅಳೆಯುವುದು ಕಷ್ಟವಲ್ಲ. ಹಿರಿಯರು ದಿನವೂ ಕೂರುವ ಕುರ್ಚಿಯಲ್ಲಿಯೇ ಅವರನ್ನು ಪೂರ್ತಿ ಹಿಂದಕ್ಕೆ ಒರಗಿಸಿ ಕೂರಿಸಿರಿ. ಅಂಗಾಲು ಸಮವಾಗಿ ಊರುವವರೆಗೆ ಪಾದದಡಿಯಲ್ಲಿ ಹಲಗೆಯ ತುಂಡುಗಳನ್ನು ಒಂದೊಂದಾಗಿ ಇಡುತ್ತಾ ಬನ್ನಿ. (ಪುಸ್ತಕಗಳನ್ನು ಇಡಿರೆಂದು ಹೇಳಲು ನನ್ನ ನಾಲಿಗೆ ಏಳದು.) ತೊಡೆ ಪೂರ್ತಿಯಾಗಿ ಆಸನಕ್ಕೆ ತಾಗಿರಬೇಕು, ಮಂಡಿ ಮೇಲೇಳಬಾರದು. ಆಗ ಆ ಹಲಗೆಗಳ ಎತ್ತರವೇ ಮಣೆಯ ಎತ್ತರ. ಬಹಳ ಮನೆಗಳಲ್ಲಿ ಅದು ಮೂರು ನಾಲ್ಕು ಅಂಗುಲವನ್ನು ಮೀರದು. ಹಾಗಾದರೆ ಊಟದ ಮಣೆಯೇ ಸಾಲದೆ ಎಂದು ಕೇಳುವಿರಿ. ಕೆಲವು ಮಣೆಗಳು ಎತ್ತರದಲ್ಲಿ ಸಾಕಾದೀತು. ಆದರೆ ಊಟಕ್ಕೂ ಪೂಜೆಗೂ ಕುಳಿತ ಮಣೆಯ ಮೇಲೆ ಕಾಲಿಡಲು ಹಿರಿಯರ ಮನಸ್ಸು ಒಪ್ಪುವುದಿಲ್ಲ. ಒಪ್ಪಿಸಲು ಹೊರಡುವುದೂ ಬೇಡ, ಬೇರೆಯದನ್ನೇ ಮಾಡಿಸಿಕೊಡಿ.

ಮರ ಯಾವುದಾದರೂ ಆದೀತು. ನನಗೆ ಹಲಸು ಇಷ್ಟ. ಗೆದ್ದಲಿಗೆ ಸುಲಭವಾಗಿ ಸೋಲದು, ಹೊಸದರಲ್ಲಿ ಹಳದಿಯಾಗಿದ್ದು ವರ್ಷಗಳು ಕಳೆದಂತೆ ಕಂದುಬಣ್ಣ ತಾಳುತ್ತದೆ. ಎರಡು ಪಾದಗಳನ್ನು ಸ್ವಲ್ಪ ಅಗಲಿಸಿ ಇಡುವಷ್ಟು, ಅಂದರೆ ಸುಮಾರು 16 ಅಂಗುಲ ಉದ್ದ, 12 ಅಂಗುಲ ಅಗಲವಿರಲಿ. ಸಂತೆಯಲ್ಲಿ ಸಿಗುವ ಹಗುರವಾದ ಪ್ಲಾಸ್ಟಿಕ್ ಸ್ಟೂಲು ಅಂಚಿಗೆ ಭಾರ ಬಿದ್ದೊಡನೆ ಮಗುಚುತ್ತದೆ, ಅದು ಬೇಡ.

ಕಾಲುಮಣೆಯಿಂದ ಕಾಲಿನ ಬಾವು ಇಳಿಯುತ್ತದೆಂಬ ನಂಬಿಕೆ ಅನೇಕರಲ್ಲಿದೆ. ಮೂರಂಗುಲದ ಮಣೆಯಿಂದ ಅದು ಆಗದು. ಬಾವು ಇಳಿಯಬೇಕಾದರೆ ಮಲಗಿ ಪಾದವನ್ನು ಎದೆಯ ಮಟ್ಟಕ್ಕಿಂತ ಮೇಲಿಡಬೇಕು. ರಕ್ತದೊತ್ತಡದ ಕೆಲವು ಮಾತ್ರೆಗಳಿಂದಲೂ ಪಾದ ಊದುವುದುಂಟು. ಹೃದಯ, ಮೂತ್ರಪಿಂಡಗಳ ತೊಂದರೆಯೂ ಇರಬಹುದು. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋಯತೊಡಗಿದರೆ ಮಣೆಯನ್ನು ಹುಡುಕುತ್ತಾ ಕೂರದೆ ಅಂದೇ ವೈದ್ಯರ ಬಳಿಗೆ ಕರೆದೊಯ್ಯಿರಿ.

ಅಡುಗೆಮನೆಯಲ್ಲಿಯೂ ಇಂಥದೊಂದು ಮಣೆಯಿದ್ದರೆ ಒಳ್ಳೆಯದು. ಕಟ್ಟೆಯ ಮುಂದೆ ಗಂಟೆಗಟ್ಟಲೆ ನಿಂತು ಲಟ್ಟಿಸುವವರು ಒಂದು ಪಾದವನ್ನು ಅದರ ಮೇಲಿಟ್ಟು, ಆಗಾಗ್ಗೆ ಕಾಲು ಬದಲಿಸಿದರೆ ಸೊಂಟಕ್ಕೆ ಬಹಳ ಹಾಯೆನಿಸುತ್ತದೆ. ಗಂಡಸರೂ ಇದನ್ನು ಪ್ರಯೋಗಿಸಿ ನೋಡಬಹುದು, ಲಟ್ಟಣಿಗೆಯನ್ನು ಕೈಗೆ ತೆಗೆದುಕೊಂಡ ಮೇಲೆ!

ಕಾಲುಮಣೆಯಿಂದ ಅಪಾಯವೂ ಇಲ್ಲದಿಲ್ಲ. ಅದರ ಮೇಲೆ ಹತ್ತಿ ಅಟ್ಟದ ಡಬ್ಬಿಯನ್ನು ಇಳಿಸಲು ಯಾರೂ ಹೋಗಬಾರದು. ಕುರ್ಚಿಯಿಂದ ಏಳುವ ಮೊದಲು ಅದನ್ನು ಕಾಲಿನಿಂದಲೇ ಪಕ್ಕಕ್ಕೆ ಸರಿಸುವ ಅಭ್ಯಾಸ ಬೇಕು. ಮರೆವು ಹೆಚ್ಚಾದ ಹಿರಿಯರಿದ್ದ ಮನೆಯಲ್ಲಿ ಆ ಕೆಲಸವನ್ನು ಪಕ್ಕದಲ್ಲಿರುವವರೇ ಮಾಡಬೇಕು. ಯಾರೂ ಇಲ್ಲವೆಂದಾದರೆ ಮಣೆಯ ಗೊಡವೆ ಬಿಟ್ಟು ತಗ್ಗಾದ ಕುರ್ಚಿಯೊಂದನ್ನೇ ತರುವುದು ಮೇಲು, ಅದರಿಂದ ಅವರು ಸಲೀಸಾಗಿ ಏಳಬಲ್ಲರಾದರೆ. ನೆಲದ ಬಣ್ಣಕ್ಕಿಂತ ಭಿನ್ನವಾದ ಬಣ್ಣ ಮಣೆಗಿರಲಿ, ರಾತ್ರಿಯ ಮಂದ ಬೆಳಕಿನಲ್ಲಿ ಎಡವಬಾರದು. ಈಗಿನ ನುಣುಪಾದ ಟೈಲ್ಸಿನ ಮೇಲೆ ಮರದ ಕಾಲುಗಳು ಜಾರುತ್ತವೆ. ಬಡಗಿಗೆ ಹೇಳಿ ನಾಲ್ಕೂ ಕಾಲುಗಳ ಅಡಿಗೆ ಹಳೆಯ ಸೈಕಲ್ ಟ್ಯೂಬಿನ ಚೂರುಗಳನ್ನು ಅಂಟಿಸಿಕೊಂಡೇ ಮನೆಗೆ ತನ್ನಿ.