ಅಗ್ಗದ ಫೀಸು, ದುಬಾರಿ ಕೇಸು

ಗೆದ್ದವನು ಸೋತ, ಸೋತವನು ಸತ್ತ ಎಂದು ಕೋರ್ಟಿನ ಬಗ್ಗೆ ನಮ್ಮಲ್ಲೊಂದು ಮಾತಿದೆ. ಅದು ನನಗೆ, ನಿಮಗೆ ಸರಿ. ಸರಕಾರಿ ಬ್ಯಾಂಕು, ವಿಮಾ ಕಂಪನಿ, ನಿಗಮಗಳಿಗೆ ಅನ್ವಯಿಸುವುದಿಲ್ಲ. ಅವು ಸೋತರೂ ಸಾಯುವುದಿಲ್ಲ, ಮುಂದಿನ ಕೋರ್ಟಿಗೆ ಹೋಗುತ್ತವೆ.

ಪುಣೆಯ ಓದುಗರೊಬ್ಬರು ಕೇಳಿದ್ದಾರೆ: ಇಂಥ ಸಂಸ್ಥೆಗಳು ವಕೀಲರನ್ನು ಹೇಗೆ ಗೊತ್ತುಮಾಡುತ್ತವೆ, ಪೆನ್ನು-ಕಾಗದಕ್ಕೆ ಕರೆದಂತೆ ಟೆಂಡರ್ ಕರೆಯುತ್ತಾರೆಯೇ? ಮುಂಬಯಿಯ ಒಂದು ಸಾರ್ವಜನಿಕ ಸಂಸ್ಥೆಯ ಕಾನೂನು ವಿಭಾಗದಲ್ಲಿ ಬಹಳ ವರ್ಷ ಕೂತು ಎದ್ದವನು ನಾನು. ಗೊತ್ತಿದ್ದಷ್ಟು ಹೇಳುತ್ತೇನೆ.

ದೊಡ್ಡ ವ್ಯವಹಾರಗಳಿಗೆ ಕಾನೂನು ಸಂಸ್ಥೆಗಳಿಂದ ದರ ಕರೆಯುವುದುಂಟು. ದಿನನಿತ್ಯದ ಕೇಸುಗಳಿಗೆ ಇರುವುದು ಪ್ಯಾನೆಲ್. ವಕೀಲರು ಅರ್ಜಿ ಹಾಕುತ್ತಾರೆ, ಅನುಭವ ನೋಡಿ ಹೆಸರು ಸೇರಿಸುತ್ತಾರೆ, ಫೀಸಿನ ಪಟ್ಟಿ ಮೊದಲೇ ಅಚ್ಚಾಗಿರುತ್ತದೆ. ಕಾನೂನು ವಿಭಾಗದಲ್ಲೇ ವಕೀಲಿ ಓದಿದವರಿರುವಾಗ ಹೊರಗಿನವರೇಕೆ ಎಂದು ಕೇಳಬಹುದು. ಪೂರ್ಣಾವಧಿ ಸಂಬಳದ ನೌಕರ ವಕೀಲಿ ಮಾಡಬಾರದೆಂಬುದು ಬಾರ್ ಕೌನ್ಸಿಲ್ ನಿಯಮ. ತರಕಾರಿ ಹೆಚ್ಚಿಕೊಡುವವರು ನಾವು, ಒಲೆಯ ಮುಂದೆ ನಿಲ್ಲುವವರು ಅವರು. ಹೆಚ್ಚಿದ್ದು ಸರಿಯಿಲ್ಲದಿದ್ದರೆ ಎಂಥ ಭಟ್ಟರನ್ನು ಕರೆಸಿದರೂ ಸಾರು ಸಾರಾಗುವುದಿಲ್ಲ. ಕಡತದಲ್ಲಿ ಮೂಲ ಸಾಲಪತ್ರ ಇಲ್ಲದೆ ಹಿರಿಯ ವಕೀಲರ ಮುಂದೆ ಹೋಗಿ ಕೂತು, ಕಾನ್ಫರೆನ್ಸಿನ ಫೀಸು ಕೊಟ್ಟು ಬರಿಗೈಯಲ್ಲಿ ಎದ್ದು ಬಂದ ಅಧಿಕಾರಿಗಳನ್ನು ಬೇಕಾದಷ್ಟು ನೋಡಿದ್ದೇನೆ.

ಇನ್ನು ಫೀಸು. ಪ್ರತಿ ಹಾಜರಿಗೆ ಇಷ್ಟೆಂದು ಕೊಟ್ಟರೆ ವಾಯಿದೆ ಬಿದ್ದಷ್ಟೂ ವಕೀಲರಿಗೆ ಲಾಭ. ಇಡೀ ಕೇಸಿಗೆ ಇಷ್ಟೆಂದು ಮುಂಗಡ ಕೊಟ್ಟರೆ ಆರು ತಿಂಗಳಲ್ಲಿ ನಿಮ್ಮ ಕಡತ ಅವರ ಕಪಾಟಿನ ಕೆಳಗಿನ ಅರೆಗೆ ಇಳಿಯುತ್ತದೆ. ಗೆದ್ದರೆ ಮಾತ್ರ ಫೀಸು ಎನ್ನುವಂತಿಲ್ಲ, ಅದಕ್ಕೂ ಬಾರ್ ಕೌನ್ಸಿಲ್ ನಿಷೇಧವಿದೆ. ದಾವೆ ಹೂಡಿದಾಗ ಒಂದು ಕಂತು, ಸಾಕ್ಷ್ಯ ಮುಗಿದಾಗ ಒಂದು, ತೀರ್ಪಿನ ಪ್ರತಿ ಕೈಗೆ ಬಂದಾಗ ಉಳಿದದ್ದು, ಹೀಗೆ ಹಂತಹಂತವಾಗಿ ಕೊಡುವುದೇ ನಾನು ಕಂಡಂತೆ ವಾಸಿ.

ಫೀಸು ಉಳಿಸಹೋಗಿ ಪೆಟ್ಟು ತಿನ್ನುವುದು ಹೆಚ್ಚಾಗಿ ಗೃಹಸಾಲದ ಆಸ್ತಿಪತ್ರ ಪರಿಶೀಲನೆಯಲ್ಲಿ. ಅದಕ್ಕೆ ಬ್ಯಾಂಕು ಕೊಡುವುದು ಪುಡಿಗಾಸು. ಆ ದುಡ್ಡಿಗೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಹಳೆಯ ದಾಖಲೆ ತಿರುವಿ ಹಾಕುವ ವ್ಯವಧಾನ ಯಾರಿಗಿದೆ? ಮಂಗಳೂರಿನಲ್ಲಿ ಹುಟ್ಟಿದ ನಮ್ಮ ವಿಜಯಾ ಬ್ಯಾಂಕಿನ ಹೈದರಾಬಾದ್ ಶಾಖೆಯೊಂದರ ಗೃಹಸಾಲದ ಪ್ರಕರಣ 2012ರಲ್ಲಿ ಸುಪ್ರೀಂ ಕೋರ್ಟಿಗೆ ಬಂದಿತ್ತು. ಪ್ಯಾನೆಲ್ ವಕೀಲರ ಮೇಲೂ ಸಿಬಿಐ ಮೊಕದ್ದಮೆ ಹೂಡಿತ್ತು. ವಂಚನೆಯಲ್ಲಿ ಪಾಲುಗೊಂಡದ್ದಕ್ಕೆ ಸಾಕ್ಷ್ಯವಿಲ್ಲದೆ, ಅಭಿಪ್ರಾಯ ತಪ್ಪಾಯಿತೆಂಬ ಒಂದೇ ಕಾರಣಕ್ಕೆ ವಕೀಲರ ಮೇಲೆ ಕ್ರಿಮಿನಲ್ ಕೇಸು ನಿಲ್ಲದು ಎಂದಿತು ಕೋರ್ಟು. ನ್ಯಾಯವೇ. ಆದರೆ ಹೋದ ಸಾಲ ಬ್ಯಾಂಕಿನ ತಲೆಯ ಮೇಲೇ ಉಳಿಯುತ್ತದೆ.

ಇದೆಲ್ಲಕ್ಕಿಂತ ದೊಡ್ಡ ಸೋರಿಕೆ ಅಪೀಲು. ಉಡುಪಿ ಕಡೆಯವರೊಬ್ಬರು ಇಲ್ಲಿನ ನಿಗಮವೊಂದರಲ್ಲಿ ಡ್ರೈವರ್ ಆಗಿದ್ದರು. ನಿವೃತ್ತಿಯಾದಾಗ ಬರಬೇಕಿದ್ದ ರಜೆಯ ದುಡ್ಡು ಒಂದೂವರೆ ಲಕ್ಷಕ್ಕೂ ಕಮ್ಮಿ. ಲೇಬರ್ ಕೋರ್ಟಿನಲ್ಲಿ ಗೆದ್ದರು. ನಿಗಮ ಹೈಕೋರ್ಟಿಗೆ ಹೋಯಿತು, ಏಕಸದಸ್ಯ ಪೀಠದಲ್ಲಿ ಸೋತು ವಿಭಾಗೀಯ ಪೀಠಕ್ಕೆ ಹೋಯಿತು. ಅಲ್ಲಿ ನಿಂತ ಹಿರಿಯ ವಕೀಲರ ಒಂದು ದಿನದ ಫೀಸು ಅವರು ಕೇಳಿದ ಮೊತ್ತಕ್ಕಿಂತ ಹೆಚ್ಚು. ಕನ್ನಡ ಸಂಘದ ವಾಚನಾಲಯದಲ್ಲಿ ಸಿಕ್ಕಾಗಲೆಲ್ಲ, “ನನ್ನದೇ ತಪ್ಪಿದ್ದರೆ ಹೇಳಿ ಸಾರ್, ಬಿಟ್ಟುಬಿಡ್ತೇನೆ” ಎನ್ನುತ್ತಿದ್ದರು. ಅವರದೇನೂ ತಪ್ಪಿರಲಿಲ್ಲ. ಕೊನೆಗೆ ಆ ದುಡ್ಡು ತೆಗೆದುಕೊಂಡದ್ದು ಅವರ ಹೆಂಡತಿ.

ನಿಗಮದ ಅಧಿಕಾರಿ ನನಗೆ ಪರಿಚಿತರು. ಯಾಕೆ ಹೀಗೆ ಎಂದು ಕೇಳಿದ್ದೆ. “ಅಪೀಲು ಬೇಡ ಎಂದು ಬರೆದರೆ ನಾಳೆ ಆಡಿಟ್ ಕೇಳುತ್ತದೆ, ವಿಜಿಲೆನ್ಸ್ ಕೇಳುತ್ತದೆ. ಹಾಕಿ ಸೋತರೆ ಯಾರೂ ಕೇಳುವುದಿಲ್ಲ” ಎಂದರು. ಅವರನ್ನು ಬೈದು ಪ್ರಯೋಜನವಿಲ್ಲ. ಮಕ್ಕಳೊಂದಿಗ ಮನುಷ್ಯ, ನಿವೃತ್ತಿಯ ಹೊಸ್ತಿಲಲ್ಲಿದ್ದರು.

ಈ ಭಯಕ್ಕೆ ಮದ್ದಿಲ್ಲವೆಂದಲ್ಲ. ಆದಾಯ ತೆರಿಗೆ ಇಲಾಖೆಯನ್ನೇ ನೋಡಿ. ವಿವಾದದ ತೆರಿಗೆ ಇಷ್ಟರೊಳಗಿದ್ದರೆ ಇಲಾಖೆ ಅಪೀಲು ಹಾಕಬಾರದು ಎಂದು ಸುತ್ತೋಲೆಯೇ ಇದೆ. 2024ರಲ್ಲಿ ಆ ಮಿತಿಯನ್ನು ನ್ಯಾಯಮಂಡಳಿಗೆ 60 ಲಕ್ಷ, ಹೈಕೋರ್ಟಿಗೆ 2 ಕೋಟಿ, ಸುಪ್ರೀಂ ಕೋರ್ಟಿಗೆ 5 ಕೋಟಿ ರೂಪಾಯಿಗೆ ಏರಿಸಿದರು. ಕೆಲವು ವಿನಾಯಿತಿಗಳುಂಟು, ಇರಲಿ. ಬೇಡ ಎನ್ನುವ ಹೊಣೆ ಗುಮಾಸ್ತನ ಹೆಗಲಿನಿಂದ ಸುತ್ತೋಲೆಯ ಹೆಗಲಿಗೆ ಹೋಯಿತಲ್ಲ, ಅದು ಮುಖ್ಯ. ಇದೇ ತರಹದ ಗೆರೆಯನ್ನು ಪ್ರತಿಯೊಂದು ನಿಗಮದ ಆಡಳಿತ ಮಂಡಳಿಯೂ ಎಳೆದುಕೊಳ್ಳಬಹುದು.

ಸರಕಾರದ ಎಡಗೈ ಬಲಗೈ ಮೇಲೆ ಕೇಸು ಹಾಕುವುದು ಇನ್ನೊಂದು ತಮಾಷೆ. ಇಬ್ಬರು ವಕೀಲರ ಫೀಸೂ ನಮ್ಮದೇ. ಸಮಿತಿಯ ಒಪ್ಪಿಗೆಯಿಲ್ಲದೆ ಹೀಗೆ ಕೋರ್ಟಿಗೆ ಬರಬೇಡಿ ಎಂದು ಓಎನ್‌ಜಿಸಿಯ ಪ್ರಕರಣದಲ್ಲಿ 1991ರಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. ಒಪ್ಪಿಗೆಗೆ ಕಾಯುವುದೇ ಇನ್ನೊಂದು ವಿಳಂಬವಾಗಿ, 2011ರಲ್ಲಿ ಆ ಆದೇಶಗಳನ್ನು ತಾನೇ ಹಿಂತೆಗೆದುಕೊಂಡಿತು. ಈಗ ಕೇಂದ್ರದ ಉದ್ದಿಮೆಗಳ ವ್ಯಾಪಾರಿ ತಗಾದೆಗಳಿಗೆ 2018ರಿಂದ ಕಾರ್ಯದರ್ಶಿಗಳ ಸಮಿತಿಯಿದೆ. ಅಲ್ಲಿಯೂ ಬಗೆಹರಿಯದಿದ್ದರೆ ಸಂಪುಟ ಕಾರ್ಯದರ್ಶಿಯ ಮಾತೇ ಕೊನೆ.

ನಮ್ಮ ವಿಭಾಗದಲ್ಲಿ ನಾವು ಮಾಡಿಕೊಂಡದ್ದು ಸಣ್ಣ ವ್ಯವಸ್ಥೆ. ಅಪೀಲಿನ ಪ್ರತಿ ಪ್ರಸ್ತಾವದ ಮೇಲೊಂದು ಹಾಳೆ, ಅದರಲ್ಲಿ ಮೂರು ಸಾಲು: ವಿವಾದದ ಮೊತ್ತ, ಈವರೆಗೆ ಕೊಟ್ಟ ಫೀಸು, ಮುಂದೆ ಆಗಬಹುದಾದ ಖರ್ಚು. ಕೆಳಗೆ, ಅಪೀಲು ಬೇಕು ಎನ್ನುವವರ ಹೆಸರು ಮತ್ತು ಸಹಿ. ಮೂರು ಸಾಲನ್ನೂ ಎಲ್ಲರೂ ತಕರಾರಿಲ್ಲದೆ ತುಂಬುತ್ತಿದ್ದರು. ಸಹಿಯ ಜಾಗ ಬಂದಾಗ ಮಾತ್ರ, “ಇನ್ನೊಮ್ಮೆ ನೋಡಿ ಕೊಡ್ತೇನೆ” ಎಂದು ಕಡತ ವಾಪಸು ಒಯ್ಯುತ್ತಿದ್ದರು. ಹಾಗೆ ಒಯ್ದ ಕೆಲವು ತಿರುಗಿ ಬರಲೇ ಇಲ್ಲ. ವಿಚಾರಿಸಿದರೆ, ಎದುರು ಪಕ್ಷದವರಿಗೆ ಚೆಕ್ ಹೋಗಿರುತ್ತಿತ್ತು.